ಕಲ್ಲುಮೇಷ್ಟ್ರು ನೈಸ್ ಅಂದದ್ದು

ಊರಿನ ಅರ್ಧಕ್ಕರ್ಧ ಅಡುಗೆಮನೆಗಳಿಗೆ ಕಲ್ಲಿನ ಕಟ್ಟೆ ಹಾಕಿಕೊಟ್ಟ ಯಜಮಾನಿಯ ಸ್ವಂತ ಅಡುಗೆಮನೆಯಲ್ಲಿ ಒಲೆ ಕೂತಿದ್ದದ್ದು ಒಂದು ಹಳೆಯ ಬಾಗಿಲಿನ ಮೇಲೆ. ಎರಡು ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ಬಾಗಿಲನ್ನು ಅಡ್ಡ ಮಲಗಿಸಿ, ಅದಕ್ಕೆ ಹೂವಿನ ಚಿತ್ರದ ರೆಕ್ಸಿನ್ ಹೊದಿಸಿದ್ದರು. ಹಿಡಿಕೆ ಕಿತ್ತು ಹಾಕಿದ್ದರೂ ಬೀಗದ ತೂತು ಹಾಗೇ ಉಳಿದಿತ್ತು. ನಿಂಬೆಹಣ್ಣನ್ನು ಎಲ್ಲಿಟ್ಟರೂ ಅದು ಮೆಲ್ಲಗೆ ಉರುಳಿಕೊಂಡು ಬಂದು ಆ ತಗ್ಗಿನಲ್ಲಿ ಕೂತು ಸುಧಾರಿಸಿಕೊಳ್ಳುತ್ತಿತ್ತು. ಬಾಗಿಲನ್ನು ಅಲ್ಲಿಟ್ಟವರು ಈಗಿಲ್ಲದ ಯಜಮಾನರು. "ಸದ್ಯಕ್ಕೆ ಇದಿರ್ಲಿ" ಎಂದಿದ್ದರಂತೆ. ನಮ್ಮ ಭಾಷೆಯಲ್ಲಿ 'ಸದ್ಯಕ್ಕೆ' ಎಂಬ ಮಾತಿಗಿರುವ ಆಯಸ್ಸು 'ಶಾಶ್ವತ'ಕ್ಕೂ ಇಲ್ಲ.

ಕಟ್ಟೆ ಹಾಕಿಸದೇ ಇದ್ದದ್ದು ಜಿಪುಣತನದಿಂದಲ್ಲ. ಯಜಮಾನಿಗೆ ಇಬ್ಬರು ಅಳಿಯಂದಿರಿದ್ದರು, ಅದೇ ಕಾರಣ.

ಮನೆಯ ಹಿಂದೆಯೇ ಕಲ್ಲಿನ ಯಾರ್ಡು. ನಡುವೆ ಲಾರಿ ಓಡಾಡುವ ದಾರಿ. ದಾರಿಯ ಎಡಕ್ಕೆ ದೊಡ್ಡಳಿಯನ ಗ್ರಾನೈಟು, ಬಲಕ್ಕೆ ಚಿಕ್ಕಳಿಯನ ಅಮೃತಶಿಲೆ. ಎಡಗಡೆ ಎಲ್ಲವೂ ಕಪ್ಪು, ಬೂದು, ಚುಕ್ಕೆಚುಕ್ಕೆ. ಬಲಗಡೆ ಎಲ್ಲವೂ ಹಾಲು, ಕೆನೆ, ಅಲ್ಲಲ್ಲಿ ನೀಲಿ ನರ. ಸ್ಲ್ಯಾಬುಗಳು ಓರೆ ಸ್ಟ್ಯಾಂಡಿಗೆ ಒರಗಿ ದೊಡ್ಡ ಪುಸ್ತಕದ ಹಾಳೆಗಳಂತೆ ನಿಂತಿರುತ್ತಿದ್ದವು. ಹಿಂದೊಮ್ಮೆ ದೊಡ್ಡಳಿಯ ಒಬ್ಬ ಗಿರಾಕಿಗೆ, "ಮಾರ್ಬಲ್ಲಾ? ಅದು ನಿಂಬೆಹಣ್ಣು ನೋಡಿದ್ರೇ ಅಳುತ್ತೆ" ಎಂದಿದ್ದ. ಅದು ದಾರಿ ದಾಟಿ ಬಲಗಡೆಗೆ ಮುಟ್ಟಿತು. ಮರುದಿನ ಚಿಕ್ಕಳಿಯ ಇನ್ನೊಬ್ಬ ಗಿರಾಕಿಗೆ, "ಗ್ರಾನೈಟು ಒಳ್ಳೇದೇ, ಗೋರಿ ಕಟ್ಟೋಕ್ಕೆ" ಎಂದ. ಅದು ಎಡಗಡೆಗೆ ಮುಟ್ಟಿತು. ಅವತ್ತಿನಿಂದ ಷಡ್ಡಕರಿಬ್ಬರೂ ಮಾತು ಬಿಟ್ಟರು. ಮಾತು ಬಿಟ್ಟರು ಎಂದರೆ ಮೌನವಾದರು ಎಂದಲ್ಲ. ಇಬ್ಬರೂ ಎಲ್ಲವನ್ನೂ ಅತ್ತೆಯ ಮೂಲಕ ಹೇಳುತ್ತಿದ್ದರು, ಅಷ್ಟೇ.

"ಅತ್ತೆ, ಕ್ರೇನು ಆಚೆ ತಗೋಳೋಕ್ಕೆ ಹೇಳಿ ಅವರಿಗೆ."

"ಅತ್ತೆ, ಅವರ ಲಾರಿ ಮೊದಲು ಹೋಗ್ಲಿ ಅಂತ ಹೇಳಿ."

ಹೀಗೆ ಹೇಳುವಾಗ ಇಬ್ಬರ ಮೊಣಕೈಗಳೂ ಒಂದಕ್ಕೊಂದು ತಾಗುತ್ತಿರುತ್ತಿದ್ದವು. ಅತ್ತೆ ಇನ್ನೆಲ್ಲೋ ಇರುತ್ತಿದ್ದರು.

ಇಂಥವರ ನಡುವೆ ಅಡುಗೆಕಟ್ಟೆಗೆ ಗ್ರಾನೈಟು ಎಂದರೆ ಕಿರಿಯ ಮಗಳ ಸಂಸಾರ ಮುನಿಯುತ್ತದೆ, ಅಮೃತಶಿಲೆ ಎಂದರೆ ಹಿರಿಯಳದು. ಅರ್ಧ ಅದು, ಅರ್ಧ ಇದು ಹಾಕಿಸಿದರಾಯಿತು ಎಂದು ಯಾರೋ ಸಲಹೆ ಕೊಟ್ಟರು. ಹಾಗಾದರೆ ಒಲೆ ಯಾರ ಕಲ್ಲಿನ ಮೇಲೆ, ಸಿಂಕು ಯಾರ ಕಲ್ಲಿನ ಮೇಲೆ ಎಂಬಲ್ಲಿಗೆ ಅದೂ ನಿಂತಿತು. ಯಜಮಾನಿ ರೆಕ್ಸಿನ್ ಹರಿದಾಗಲೆಲ್ಲ ಹೊಸ ರೆಕ್ಸಿನ್ ತಂದರು.

ಇಷ್ಟರಲ್ಲಿ ಮೂರನೆಯವಳು ಒಬ್ಬನನ್ನು ಮೆಚ್ಚಿಕೊಂಡಳು.

ಮೂರನೆಯವಳು ಯಾರ್ಡಿನ ಕ್ರೇನು ನಡೆಸುತ್ತಿದ್ದಳು. ಕೈಯಲ್ಲಿ ಹಳದಿ ಬಣ್ಣದ ರಿಮೋಟು, ತಲೆಗೆ ಹೆಲ್ಮೆಟ್ಟು, ಹಣೆಯ ಮೇಲೆ ಸದಾ ಒಂದು ಗೆರೆ ಕಲ್ಲಿನ ಹಿಟ್ಟು. ಕೆಲಸದವರೆಲ್ಲ ಅವಳನ್ನು ಕ್ರೇನಕ್ಕ ಎನ್ನುತ್ತಿದ್ದರು. ದಾರಿಯ ಎರಡೂ ಬದಿಗೆ ಸಲೀಸಾಗಿ ಓಡಾಡುವ ಹಕ್ಕಿದ್ದದ್ದು ಎರಡಕ್ಕೆ ಮಾತ್ರ: ಒಂದು ಕ್ರೇನು, ಇನ್ನೊಂದು ಇವಳು. ಅವಳು ಮೆಚ್ಚಿದವನು ಕಾಲೇಜಿನಲ್ಲಿ ಭೂವಿಜ್ಞಾನ ಹೇಳಿಕೊಡುವವನು. ಪಾಠಕ್ಕೆಂದು ತುಂಡುಕಲ್ಲು ಆರಿಸಿಕೊಳ್ಳಲು ಬರುತ್ತಿದ್ದವನಿಗೆ ಯಾರ್ಡಿನಲ್ಲಿ ಕಲ್ಲುಮೇಷ್ಟ್ರು ಎಂದೇ ಹೆಸರು. ಒಂದು ದಿನ ಆತ ಅತ್ತಿತ್ತ ನೋಡಿ, ಯಾರೂ ಇಲ್ಲವೆಂದುಕೊಂಡು, ಒಂದು ತುಂಡನ್ನು ನಾಲಿಗೆಯಿಂದ ನೆಕ್ಕಿದ್ದನ್ನು ಅವಳು ನೋಡಿಬಿಟ್ಟಳು.

"ಹೇಗಿದೆ ರುಚಿ?"

ಮೇಷ್ಟ್ರು ಕಕ್ಕಾಬಿಕ್ಕಿಯಾದರು. "ಒದ್ದೆ ಮಾಡಿದ್ರೆ ಕಾಳು ಸ್ಪಷ್ಟ ಕಾಣುತ್ತೆ. ಅದಕ್ಕೇ... ನೀರು ಸಿಗ್ಲಿಲ್ಲ."

"ನಿಮ್ಮ ಹಿಂದೆ ಇರೋದು ನಲ್ಲಿ."

ಅವರ ಪ್ರೀತಿ ಶುರುವಾದದ್ದು ಹೀಗೆ. ಇದನ್ನು ಯಾರಿಗಾದರೂ ಹೇಳಲು ಇಬ್ಬರಿಗೂ ಇಂದಿಗೂ ನಾಚಿಕೆ.

ಮಗಳು ವಿಷಯ ತಿಳಿಸಿದಾಗ ಯಜಮಾನಿ ಸಿಟ್ಟಾಗಲಿಲ್ಲ. ಕೈಯಲ್ಲಿದ್ದ ಚಮಚೆಯನ್ನು ಬಾಗಿಲಿನ ಮೇಲಿಟ್ಟು ಯೋಚಿಸಿದರು. ಅವರಿಗಿದ್ದ ಹೆದರಿಕೆ ಒಂದೇ: ಮೂರನೇ ಅಳಿಯ ಬಂದರೆ ಯಾರ್ಡು ಮೂರು ಭಾಗವಾಗುತ್ತದೆ, ಇವನೂ ಯಾವುದೋ ಒಂದು ಕಲ್ಲು ಹಿಡಿದುಕೊಂಡು ಕೂರುತ್ತಾನೆ.

"ನಂದೇನೂ ಅಡ್ಡಿಯಿಲ್ಲಮ್ಮ. ನಿನ್ನ ಭಾವಂದಿರು ಇಬ್ರೂ ಒಪ್ಪಿದ್ರೆ ಆಯ್ತು."

"ಅಮ್ಮ! ಅವರಿಬ್ರೂ ಒಟ್ಟಿಗೆ ಒಪ್ಪಿದ್ದು ಯಾವುದಾದ್ರೂ ಇದ್ಯಾ? ಇವತ್ತು ಭಾನುವಾರ ಅಂತ ಒಬ್ರು ಹೇಳಿದ್ರೆ ಇನ್ನೊಬ್ರು ಕ್ಯಾಲೆಂಡರ್ ತರಿಸ್ತಾರೆ."

"ಅದಕ್ಕೇ ಹೇಳಿದ್ದು. ಅವರಿಬ್ರನ್ನೂ ಒಪ್ಪಿಸೋನು ಬಂದ್ರೆ ಮನೆಗೆ ಒಳ್ಳೇದು. ಒಪ್ಪಿಸೋಕ್ಕಾಗ್ಲಿಲ್ಲ ಅಂದ್ರೆ ಬೇಡ. ಇರೋ ಜಗಳ ನನಗೆ ಸಾಕು."

ಅಮ್ಮ ಹೀಗೆ ಮೆತ್ತಗೆ ಹೇಳಿದ್ದು ಗಟ್ಟಿ ಮಾತು ಎಂದು ಮಗಳಿಗೆ ಗೊತ್ತಿತ್ತು. ಮೇಷ್ಟ್ರು ಮನೆಗೆ ಬರುವ ದಿನ ಗೊತ್ತಾದಾಗ ಅವಳು ಆತನನ್ನು ಕಟಿಂಗ್ ಮಿಷನ್ನಿನ ಹಿಂದೆ ನಿಲ್ಲಿಸಿಕೊಂಡು ಪಾಠ ಹೇಳಿದಳು.

"ನೋಡಿ, ಯಾವ ಕಲ್ಲನ್ನೂ ಚೆನ್ನಾಗಿದೆ ಅನ್ಬೇಡಿ. ಯಾವುದನ್ನೂ ಚೆನ್ನಾಗಿಲ್ಲ ಅನ್ಬೇಡಿ. ಯಾರಾದ್ರೂ ಕೇಳಿದ್ರೆ, ಎರಡೂ ಕಲ್ಲೇ ಅನ್ನಿ. ಬಿಸ್ಕತ್ತು ತಿನ್ನಿ. ಎದ್ದು ಬನ್ನಿ."

"ಎರಡೂ ಕಲ್ಲೇ ಅನ್ನೋದು ಅಷ್ಟು ನಿಖರ ಆಗಲ್ಲ," ಎಂದರು ಮೇಷ್ಟ್ರು. "ಒಂದು ಅಗ್ನಿಶಿಲೆ, ಇನ್ನೊಂದು..."

"ನಿಮಗೆ ನಾನು ಬೇಕೋ ನಿಖರ ಬೇಕೋ?"

ಮೇಷ್ಟ್ರು ಒಂದು ಕ್ಷಣ ತಡಮಾಡಿ, "ನೀವೇ" ಎಂದರು. ಆ ಒಂದು ಕ್ಷಣವನ್ನು ಅವಳು ಮದುವೆಯಾದ ಮೇಲೆ ವಿಚಾರಿಸಿಕೊಳ್ಳುವುದೆಂದು ಎತ್ತಿಟ್ಟುಕೊಂಡಳು.

ಬಂದ ದಿನ ಮೇಷ್ಟ್ರು ಇಸ್ತ್ರಿ ಮಾಡಿದ ಶರ್ಟು ಹಾಕಿದ್ದರು. ಜೇಬಿನಲ್ಲಿ ಮಾತ್ರ ದಾರ ಕಟ್ಟಿದ ಮಸೂರ ಇಣುಕುತ್ತಿತ್ತು. ಅಕ್ಕಂದಿರಿಬ್ಬರೂ ಎದುರಿನ ಕುರ್ಚಿಗಳಲ್ಲಿ, ಭಾವಂದಿರಿಬ್ಬರೂ ಸೋಫಾದ ಎರಡು ತುದಿಗಳಲ್ಲಿ. ನಡುವೆ ಮೇಷ್ಟ್ರು, ಲಾರಿ ಓಡಾಡುವ ದಾರಿಯ ಹಾಗೆ. ಚಹಾ ಬಂತು, ಬಿಸ್ಕತ್ತು ಬಂತು. ಎಲ್ಲ ಸುಸೂತ್ರವಾಗಿಯೇ ನಡೆದಿತ್ತು. ಆದರೆ ದೊಡ್ಡಳಿಯನಿಗೆ ಸುಮ್ಮನೆ ಕೂತು ಅಭ್ಯಾಸವಿಲ್ಲ.

"ಅತ್ತೆ, ಇವರು ಓದಿದೋರು. ನಮ್ಮ ಕಡೆಯೋರೂ ಅಲ್ಲ, ಆ ಕಡೆಯೋರೂ ಅಲ್ಲ. ನಿಮ್ಮ ಅಡುಗೆಕಟ್ಟೆಗೆ ಗ್ರಾನೈಟೋ ಮಾರ್ಬಲ್ಲೋ ಅಂತ ಇವರನ್ನೇ ಕೇಳಿಬಿಡಿ. ಇತ್ಯರ್ಥ ಆಗೋಗ್ಲಿ."

ಚಿಕ್ಕಳಿಯ ಬಿಸ್ಕತ್ತಿನ ಪುಡಿಯನ್ನು ಬೆರಳಿನಿಂದ ಒರೆಸಿಕೊಂಡ. "ಅತ್ತೆ, ಅವರು ಹೇಳಿದ್ದಕ್ಕೆ ನಂದೂ ಒಪ್ಪಿಗೆ ಇದೆ ಅಂತ ಹೇಳಿ ಅವರಿಗೆ."

ಷಡ್ಡಕರಿಬ್ಬರೂ ಮೊದಲ ಬಾರಿಗೆ ಒಂದು ವಿಷಯಕ್ಕೆ ಒಪ್ಪಿದ್ದರು. ಒಬ್ಬ ಅಮಾಯಕನನ್ನು ಪೇಚಿಗೆ ಸಿಕ್ಕಿಸುವುದಕ್ಕೆ.

"ಎರಡೂ ಕಲ್ಲೇ," ಎಂದರು ಮೇಷ್ಟ್ರು, ಉರು ಹೊಡೆದ ಹಾಗೆ.

"ಅದು ನಮಗೂ ಗೊತ್ತು," ಎಂದಳು ದೊಡ್ಡಕ್ಕ. "ಬೆಣ್ಣೆ ಅಂತ ಯಾರೂ ಮಾರ್ತಾ ಇಲ್ಲ."

"ಬನ್ನಿ, ನೋಡಿಯೇ ಹೇಳಿ," ಎಂದು ದೊಡ್ಡಳಿಯ ಎದ್ದೇಬಿಟ್ಟ.

ಎಲ್ಲರೂ ಯಾರ್ಡಿಗೆ ಇಳಿದರು. ಕ್ರೇನಕ್ಕ ಗೂಟದಲ್ಲಿದ್ದ ರಿಮೋಟನ್ನು ಕೈಗೆ ತೆಗೆದುಕೊಂಡಳು. ಅದರಲ್ಲಿ ಹಾರ್ನಿನ ಗುಂಡಿ ಇತ್ತು. ತಲೆಯ ಮೇಲೆ ಭಾರ ಬರುತ್ತಿದೆ, ಸರಿದುಕೊಳ್ಳಿ ಎಂದು ಎಚ್ಚರಿಸುವುದಕ್ಕೆ. ಇವತ್ತು ಅದಕ್ಕೆ ಬೇರೆ ಉಪಯೋಗವಿತ್ತು.

ಮೇಷ್ಟ್ರ ಸಂಕಟ ಅರ್ಥವಾಗುವಂಥದ್ದು. ಪಾಠ ಹೇಳುವವನನ್ನು ಎರಡು ಕಲ್ಲುಗಳ ನಡುವೆ ನಿಲ್ಲಿಸಿ, ಸುತ್ತ ಆರು ಜನ ಬಾಯಿ ಮುಚ್ಚಿ ನಿಂತರೆ, ಪಾಠ ತಾನಾಗಿಯೇ ಹೊರಡುತ್ತದೆ. ತರಗತಿಯಲ್ಲಿ ಇಷ್ಟು ಶ್ರದ್ಧೆ ಅವರಿಗೆ ಯಾವತ್ತೂ ಸಿಕ್ಕಿರಲಿಲ್ಲ.

"ವ್ಯತ್ಯಾಸ ಇರೋದು ಹುಟ್ಟಿನಲ್ಲಿ," ಎಂದು ಗ್ರಾನೈಟಿನ ಮೇಲೆ ಕೈ ಇಟ್ಟರು. "ಇದು ಅಗ್ನಿಶಿಲೆ. ನೆಲದ ಆಳದಲ್ಲಿ ಕರಗಿ ಪಾಕದ ಥರ ಇದ್ದದ್ದು ನಿಧಾನಕ್ಕೆ ತಣ್ಣಗಾಗಿ ಗಟ್ಟಿಯಾಯ್ತು. ಅವಸರ ಇಲ್ದೆ ತಣ್ಣಗಾಗಿದ್ದಕ್ಕೇ ಕಾಳು ಇಷ್ಟು ದಪ್ಪ. ಈ ಗಾಜಿನ ಥರದ್ದು ಬೆಣಚು. ಮಿನುಗೋದು ಕಾಗೆಬಂಗಾರ. ಎಲ್ಲ ಒಂದಕ್ಕೊಂದು ಹಲ್ಲು ಕಚ್ಚಿಕೊಂಡು ಕೂತಿವೆ, ಆದ್ರೆ ಸಾಲಾಗಿ ಅಲ್ಲ. ಯಾವ ಕಾಳೂ ಇನ್ನೊಂದರ ಮಾತು ಕೇಳಿಲ್ಲ."

"ಬಿಸೀಲೇ ಹುಟ್ಟಿದ್ದು ಅನ್ನಿ," ಎಂದಳು ದೊಡ್ಡಕ್ಕ. "ತಣ್ಣಗಾಗೋಕ್ಕೆ ಎಷ್ಟು ಕಾಲ ಹಿಡಿಯುತ್ತೆ?"

"ಲಕ್ಷಾಂತರ ವರ್ಷ."

"ಹಾಗಾದ್ರೆ ನಮ್ಮೋರಿಗೆ ಇನ್ನೂ ಟೈಮಿದೆ."

ದೊಡ್ಡಳಿಯ ಹೆಂಡತಿಯನ್ನು ದುರುಗುಟ್ಟಿ ನೋಡಿದ. ಆದರೆ ಒಳಗೊಳಗೇ ಖುಷಿಯಾಗಿತ್ತು. ಬೆಂಕಿಯಿಂದ ಬಂದವನು ಎನಿಸಿಕೊಳ್ಳುವುದು ಯಾರಿಗೆ ಬೇಡ? "ಅತ್ತೆ, ಕೇಳಿಸ್ಕೊಂಡ್ರಾ? ನಮ್ಮದು ಹುಟ್ಟಿದಾಗಿಂದ ಹೀಗೇ. ಯಾರಿಗೋಸ್ಕರಾನೂ ಬದಲಾದದ್ದಲ್ಲ."

ಮೇಷ್ಟ್ರು ದಾರಿ ದಾಟಿ ಬಿಳಿಯ ಬದಿಗೆ ಬಂದರು. "ಅಮೃತಶಿಲೆ ರೂಪಾಂತರ ಶಿಲೆ. ಹುಟ್ಟುವಾಗ ಇದು ಅಮೃತಶಿಲೆ ಆಗಿರ್ಲಿಲ್ಲ, ಬರೀ ಸುಣ್ಣಕಲ್ಲು. ಸಮುದ್ರದ ತಳದಲ್ಲಿ ಚಿಪ್ಪು, ಕೆಸರು ಎಲ್ಲ ಸೇರಿ ಆದದ್ದು. ಆಮೇಲೆ ಮೇಲಿಂದ ಒತ್ತಡ ಬಿತ್ತು, ಕೆಳಗಿಂದ ಬಿಸಿ ಹತ್ತಿತು. ಆದ್ರೂ ಕರಗಲಿಲ್ಲ. ಗಟ್ಟಿಯಾಗಿ ಇದ್ಕೊಂಡೇ ಒಳಗೊಳಗೆ ಬದಲಾಯ್ತು."

"ನಮ್ಮೋರೂ ಮದುವೆಗೆ ಮುಂಚೆ ಬರೀ ಸುಣ್ಣಕಲ್ಲೇ," ಎಂದಳು ಚಿಕ್ಕಕ್ಕ. "ಒತ್ತಡ ನಂದು."

"ಬಿಸೀನೂ ನಿಂದೇ ತಾಯಿ," ಎಂದ ಚಿಕ್ಕಳಿಯ. ಹೀಗೆಂದರೂ ಕೂದಲನ್ನು ಒಮ್ಮೆ ಸವರಿಕೊಂಡ. "ಅತ್ತೆ, ಬದಲಾಗೋಕ್ಕೂ ಒಂದು ಯೋಗ್ಯತೆ ಬೇಕು ಅಂತ ಹೇಳಿ ಅವರಿಗೆ."

"ಸರಿ, ಎರಡರಲ್ಲಿ ಯಾವುದು ಮೇಲು?" ದೊಡ್ಡಳಿಯ ಬಿಡಲಿಲ್ಲ.

"ಮೇಲು ಅಂತ ಏನಿಲ್ಲ. ಅಮೃತಶಿಲೆ ಮೆತ್ತಗೆ. ಹುಳಿ ಏನಾದ್ರೂ ಬಿದ್ರೆ..."

ಪೀಂ!

ಎಲ್ಲರೂ ತಲೆ ಎತ್ತಿ ನೋಡಿದರು. ಕ್ರೇನು ಅಲ್ಲಾಡಿಯೂ ಇರಲಿಲ್ಲ. ಕ್ರೇನಕ್ಕ ಮುಗುಮ್ಮಾಗಿ ನಿಂತಿದ್ದಳು. "ಬೆರಳು ತಾಗ್ತು."

"ಏನು ಬಿದ್ರೆ?" ಎಂದ ಚಿಕ್ಕಳಿಯ, ಹುಬ್ಬು ಗಂಟಿಕ್ಕಿ.

"ಬಿದ್ರೆ... ಒರೆಸಬೇಕು," ಎಂದರು ಮೇಷ್ಟ್ರು. "ಗ್ರಾನೈಟಿಗೆ ಆ ತೊಂದರೆ ಇಲ್ಲ. ಆದ್ರೆ ಅದರ ಮೇಲೆ ಚಾಕು ಆಡಿಸಿದ್ರೆ..."

ಪೀಂ!

"ಇವಳ ಬೆರಳಿಗೆ ಏನಾಗಿದೆ?" ಎಂದರು ಯಜಮಾನಿ. ಅವರಿಗೆ ಏನಾಗಿದೆಯೆಂದು ಚೆನ್ನಾಗಿ ಗೊತ್ತಿತ್ತು.

ದೊಡ್ಡಳಿಯ ಮೇಷ್ಟ್ರ ಭುಜ ಹಿಡಿದು ಯಾರ್ಡಿನ ಮೂಲೆಗೆ ಕರೆದುಕೊಂಡು ಹೋದ. ಅಲ್ಲಿ ಪ್ಲಾಸ್ಟಿಕ್ ಹೊದಿಸಿ ನಿಲ್ಲಿಸಿದ್ದ ಒಂದು ಸ್ಲ್ಯಾಬಿತ್ತು. ಅವನ ಹೆಮ್ಮೆಯ ಕಲ್ಲು. ಬಂದ ಗಿರಾಕಿಗೆಲ್ಲ ಇದನ್ನು ತೋರಿಸದೆ ಕಳಿಸುತ್ತಿರಲಿಲ್ಲ. ಪ್ಲಾಸ್ಟಿಕ್ ಸರಿಸಿದ. ಕಪ್ಪು ಒಂದು ಪಟ್ಟೆ, ಬಿಳಿ ಒಂದು ಪಟ್ಟೆ, ಮತ್ತೆ ಕಪ್ಪು, ಮತ್ತೆ ಬಿಳಿ. ಎಲ್ಲವೂ ಒಂದು ಕಡೆ ಮೇಲೆದ್ದು, ನಡುವೆ ಬಾಗಿ, ಇನ್ನೊಂದು ಕಡೆ ಅಲೆಯ ಹಾಗೆ ಇಳಿದುಹೋಗಿದ್ದವು.

"ಸಮುದ್ರರಾಜ ಗ್ರಾನೈಟು. ಹೆಸರು ನಾನೇ ಇಟ್ಟಿದ್ದು. ಇದನ್ನ ನೋಡಿ ಹೇಳಿ ಈಗ."

ಮೇಷ್ಟ್ರು ತಮ್ಮನ್ನು ತಾವು ಮರೆತರು. ಬೆರಳನ್ನು ಬಾಯಲ್ಲಿಟ್ಟು ಒದ್ದೆ ಮಾಡಿಕೊಂಡು ಕಲ್ಲಿಗೆ ಉಜ್ಜಿದರು. ಜೇಬಿನಿಂದ ಮಸೂರ ತೆಗೆದು, ಮೂಗು ಕಲ್ಲಿಗೆ ತಾಗುವಷ್ಟು ಬಗ್ಗಿದರು. ಒಂದು ಪಟ್ಟೆಯ ಜೊತೆಗೆ ತಾವೂ ಅಡ್ಡಡ್ಡ ಸರಿಯುತ್ತ ಆ ತುದಿಯಿಂದ ಈ ತುದಿಗೆ ಬಂದರು. ಆಮೇಲೆ ನೆಟ್ಟಗೆ ನಿಂತು, ಖುಷಿಯಿಂದ ಕೆಂಪಾದ ಮುಖದಲ್ಲಿ, ಒಂದೇ ಮಾತು ಹೇಳಿದರು.

"ಇದು ನೈಸ್!"

ಹಾರ್ನು ತಡವಾಯಿತು.

"ನೋಡಿದ್ರಾ ಅತ್ತೆ!" ದೊಡ್ಡಳಿಯ ಇಡೀ ಯಾರ್ಡಿಗೆ ಕೇಳುವ ಹಾಗೆ ಕೂಗಿದ. "ನೈಸ್ ಅಂದ್ರು! ಆ ಕಡೆ ಅಷ್ಟು ಹೊತ್ತು ನಿಂತ್ರಲ್ಲ, ಒಂದ್ಸಲ ಆದ್ರೂ ನೈಸ್ ಅಂದ್ರಾ? ಇವರಿಗೆ ಕಲ್ಲು ಗೊತ್ತು. ಅತ್ತೆ, ನನ್ನ ಒಪ್ಪಿಗೆ ಇದೆ. ಹುಡುಗಿ ಕೊಡಿ ಇವರಿಗೆ."

ಚಿಕ್ಕಳಿಯನ ಮುಖ ಸಣ್ಣಗಾಯಿತು. ಹೆಂಡತಿ ಅವನ ಪಕ್ಕೆಗೆ ತಿವಿದಳು. "ಸುಮ್ನೆ ಹೂಂ ಅನ್ನಿ. ಅವಳ ಜೀವನ. ಒಂದು ಕಲ್ಲನ್ನ ಹೊಗಳಿದ್ರೆ ನಿಮ್ಮ ಕಲ್ಲೇನು ಕರಗಿ ಹೋಗಲ್ಲ. ಈಗಷ್ಟೇ ಹೇಳಿದ್ರಲ್ಲ ಅವರು, ಕರಗಲ್ಲ ಅಂತ."

ಚಿಕ್ಕಳಿಯ ಮೇಲಿಂದ ಒತ್ತಡ ಬಿದ್ದಾಗ ಬದಲಾಗುವುದನ್ನು ಬಲ್ಲವನು. "ಆಯ್ತು ಅತ್ತೆ. ನಂದೂ ಒಪ್ಪಿಗೆ. ಅವಳ ಮುಖ ನೋಡ್ಕೊಂಡು."

ಯಜಮಾನಿ ಒಬ್ಬನನ್ನು ನೋಡಿದರು, ಇನ್ನೊಬ್ಬನನ್ನು ನೋಡಿದರು. ಇಬ್ಬರೂ ಒಪ್ಪಿದ್ದರು. ಅವರಿಗೇ ನಂಬಿಕೆ ಬರಲಿಲ್ಲ. "ಹಾಗಾದ್ರೆ ನನ್ನ ಕಟ್ಟೆಗೂ ಇದೇ ಇರ್ಲಿ. ಮೇಷ್ಟ್ರು ನೈಸ್ ಅಂದ ಗ್ರಾನೈಟು. ಕೊಯ್ಯಿಸಿಬಿಡಿ."

ಎಲ್ಲವೂ ಮುಗಿಯಿತು ಎನ್ನಬಹುದಿತ್ತು. ಹುಡುಗಿ ಸಿಕ್ಕಿದಳು, ಕಟ್ಟೆ ಸಿಕ್ಕಿತು. ಅಕ್ಕಂದಿರು ಆಗಲೇ ಸೀರೆಯ ಬಣ್ಣದ ಮಾತಿಗೆ ಇಳಿದಿದ್ದರು. ಮೇಷ್ಟ್ರೊಬ್ಬರೇ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಾಯಿಸುತ್ತ ನಿಂತಿದ್ದರು. ಉತ್ತರಪತ್ರಿಕೆಯಲ್ಲಿ ತಪ್ಪು ಕಂಡೂ ಕೆಂಪು ಪೆನ್ನು ತೆಗೆಯದೇ ಇರುವ ಶಕ್ತಿ ಅವರಿಗೆ ದೇವರು ಕೊಟ್ಟಿರಲಿಲ್ಲ. ಬಾಯಿ ತೆರೆದರು. ತೆರೆದು, ಕ್ರೇನಕ್ಕನ ಕಡೆ ನೋಡಿದರು.

ಅವಳಿಗೂ ನೈಸ್ ಎಂಬ ಆ ಪದ ಗೊತ್ತಿತ್ತು. ತುಂಡುಕಲ್ಲು ಆರಿಸುವಾಗ ಆತ ಹೇಳಿಕೊಟ್ಟ ಹೆಸರುಗಳಲ್ಲಿ ಅದೂ ಒಂದು. ಅವಳ ಹೆಬ್ಬೆರಳು ಹಾರ್ನಿನ ಗುಂಡಿಯ ಮೇಲೆಯೇ ಇತ್ತು. ಒಂದು ಸಲ ಒತ್ತಿದರೆ ಸಾಕು. ಆತ ಬಾಯಿ ಮುಚ್ಚುತ್ತಾನೆ, ಮದುವೆ ಆಗುತ್ತದೆ. ಆಮೇಲೆ ಜೀವಮಾನವಿಡೀ ಊಟಕ್ಕೆ ಕೂತಾಗಲೆಲ್ಲ ಆ ಕಟ್ಟೆಯನ್ನು ನೋಡಿ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಾಯಿಸುತ್ತಾನೆ.

ಅವಳು ಬೆರಳು ತೆಗೆದಳು.

"ಒಂದು ನಿಮಿಷ ಅತ್ತೆ," ಎಂದರು ಮೇಷ್ಟ್ರು.

"ಅತ್ತೇನಾ? ಇಷ್ಟು ಬೇಗ?" ಎಂದಳು ದೊಡ್ಡಕ್ಕ.

"ಕ್ಷಮಿಸಿ. ಅಮ್ಮ, ನಾನು ನೈಸ್ ಅಂದದ್ದು ಚೆನ್ನಾಗಿದೆ ಅಂತ ಅಲ್ಲ."

"ಚೆನ್ನಾಗಿಲ್ವಾ?" ದೊಡ್ಡಳಿಯನ ಧ್ವನಿ ಬದಲಾಯಿತು.

"ತುಂಬಾ ಚೆನ್ನಾಗಿದೆ. ಆದ್ರೆ ನಾನು ಹೇಳಿದ್ದು ಅದನ್ನಲ್ಲ. ನೈಸ್ ಅನ್ನೋದು ಈ ಕಲ್ಲಿನ ಜಾತಿಯ ಹೆಸರು. ನೈಸ್ ಶಿಲೆ ಅಂತ."

"ಇದು ಗ್ರಾನೈಟು ಕಣ್ರೀ!"

"ಆಗಿತ್ತು."

"ಆಗಿತ್ತು ಅಂದ್ರೇನು, ನನ್ನ ಕಲ್ಲು ರಿಟೈರ್ ಆಗಿದ್ಯಾ?"

"ಇದೂ ರೂಪಾಂತರ ಶಿಲೆ," ಎಂದು ಮೇಷ್ಟ್ರು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದರು. "ಮಾರುಕಟ್ಟೇಲಿ ಗಟ್ಟಿ ಕಲ್ಲಿಗೆಲ್ಲ ಗ್ರಾನೈಟು ಅಂತಾರೆ, ಅದು ನಿಮ್ಮ ತಪ್ಪಲ್ಲ. ಆದ್ರೆ ವಂಶ ನೋಡಿದ್ರೆ ಇದು ಅಮೃತಶಿಲೆ ಕಡೇದು."

ಚಿಕ್ಕಳಿಯ ನಕ್ಕ. ಬಹಳ ವರ್ಷ ಕೂಡಿಟ್ಟುಕೊಂಡಿದ್ದ ನಗು.

"ಅತ್ತೆ, ಅವರಿಗೆ ಹೇಳಿ, ನಮ್ಮ ಕಡೆಗೆ ಸ್ವಾಗತ ಅಂತ. ನನ್ನ ಒಪ್ಪಿಗೆ ಡಬಲ್ ಮಾಡಿ."

"ಅತ್ತೆ, ನನ್ನ ಒಪ್ಪಿಗೆ ವಾಪಸ್ಸು!" ದೊಡ್ಡಳಿಯ ಪ್ಲಾಸ್ಟಿಕ್ಕನ್ನು ಎಳೆದು ಕಲ್ಲಿಗೆ ಹೊದಿಸಿದ, ಕೆಟ್ಟ ಮಾತು ಕೇಳದ ಹಾಗೆ ಮಗುವಿನ ಕಿವಿ ಮುಚ್ಚುವಂತೆ. "ನಾಳೆ ಗಿರಾಕಿ ಮುಂದೆ ನಿಂತ್ಕೊಂಡು ಇದು ಗ್ರಾನೈಟಲ್ಲ, ಆ ಕಡೇದು ಅಂತಾರೆ ಇವರು. ಬೇಡ. ಈ ಸಂಬಂಧ ಬೇಡ."

ಯಜಮಾನಿ ಹೋಗಿ ಆ ಪ್ಲಾಸ್ಟಿಕ್ಕನ್ನು ಮತ್ತೆ ಸರಿಸಿದರು. ಪಟ್ಟೆಯೊಂದರ ಮೇಲೆ ಬೆರಳು ಎಳೆದರು.

"ಮೊದಲು ಇದು ಗ್ರಾನೈಟೇ, ನಿಜ ತಾನೆ?"

"ಈ ಕಲ್ಲು ಹೌದು ಅನ್ಸುತ್ತೆ. ಕಾಳೆಲ್ಲ ಅವೇ."

"ಆಮೇಲೆ ಏನಾಯ್ತು?"

"ಒತ್ತಡಕ್ಕೆ ಸಿಕ್ತು. ಹೇಗೆ ಬೇಕೋ ಹಾಗೆ ಕೂತಿದ್ದ ಕಾಳೆಲ್ಲ ಸಾಲಾದವು. ಕಪ್ಪು ಒಂದು ಕಡೆ, ಬಿಳಿ ಒಂದು ಕಡೆ."

"ಬೆರೀಲಿಲ್ಲ."

"ಇಲ್ಲ. ಆದ್ರೆ ನೋಡಿ, ಬಾಗೋವಾಗ ಎಲ್ಲ ಒಟ್ಟಿಗೇ ಬಾಗಿವೆ."

"ಒತ್ತಿದ್ದು ಯಾರು?"

"ಮೇಲಿದ್ದೋರು," ಎಂದವರು ನಾಲಿಗೆ ಕಚ್ಚಿಕೊಂಡರು. "ಮೇಲಿದ್ದ ನೆಲ."

ಯಜಮಾನಿಗೆ ನಗು ಬಂತು, ತಡೆದುಕೊಂಡರು. "ಇದರ ಮೇಲೆ ನಿಂಬೆಹಣ್ಣು ಹೆಚ್ಚಬಹುದಾ?"

"ಧಾರಾಳವಾಗಿ."

"ಹಾಗಾದ್ರೆ ಇದೇ. ಹೆಸರು ಏನಾದ್ರೂ ಇರ್ಲಿ." ದೊಡ್ಡಳಿಯನ ಕಡೆ ತಿರುಗಿದರು. "ನೋಡಿ ಅಳಿಯಂದ್ರೇ, ಇದು ನಿಮ್ಮ ಕಡೆ ಹುಟ್ಟಿ ಅವರ ಕಡೆ ಬೆಳೆದಿದೆ. ನನಗೆ ಇಬ್ರನ್ನೂ ಬಿಟ್ಟ ಹಾಗಾಗಲ್ಲ. ಆದ್ರೆ ಹುಡುಗಿ ವಿಷಯ ಬೇರೆ. ನಾನು ಹೇಳಿದ ಮಾತು ಮಾತೇ. ನೀವು ಒಪ್ಪದೇ ಆಗಲ್ಲ."

ಮೇಷ್ಟ್ರು ಮಸೂರದ ದಾರವನ್ನು ಬೆರಳಿಗೆ ಸುತ್ತಿಕೊಂಡರು. ಆಗ ಕ್ರೇನಕ್ಕ ರಿಮೋಟನ್ನು ಗೂಟಕ್ಕೆ ತಗುಲಿಸಿ ಬಂದಳು.

"ದೊಡ್ಡಭಾವ, ಒಂದು ಮಾತು. ನಾಳೆ ಗಿರಾಕಿ ಮುಂದೆ ಇವರು ನಿಂತ್ರು ಅಂದ್ಕೊಳ್ಳಿ. ಈ ಕಲ್ಲಿಗೆ ಏನಂತಾರೆ?"

"ಗ್ರಾನೈಟಲ್ಲ ಅಂತಾರೆ!"

"ಇಲ್ಲಪ್ಪ. ಅದರ ಹೆಸರು ಹೇಳ್ತಾರೆ. ಏನದು?"

"ನೈಸ್," ಎಂದರು ಮೇಷ್ಟ್ರು, ವಿಧೇಯ ವಿದ್ಯಾರ್ಥಿಯ ಹಾಗೆ.

"ಕಾಲೇಜಿನ ಮೇಷ್ಟ್ರು, ಕೈಯಲ್ಲಿ ಮಸೂರ. ಕಲ್ಲನ್ನ ಆ ತುದಿಯಿಂದ ಈ ತುದಿವರೆಗೆ ನೋಡಿ, ನೆಟ್ಟಗೆ ನಿಂತು, ಇದು ನೈಸ್ ಅಂತಾರೆ. ಭಾವ, ಗಿರಾಕಿ ಏನು ತಿಳ್ಕೋತಾನೆ?"

ದೊಡ್ಡಳಿಯ ಯೋಚಿಸಿದ. ಅವನ ಮುಖದಲ್ಲಿ ಕುದಿಯುತ್ತಿದ್ದದ್ದು ನಿಧಾನವಾಗಿ ತಣ್ಣಗಾಗುವುದನ್ನು ಎಲ್ಲರೂ ನಿಂತು ನೋಡಿದರು. ಲಕ್ಷಾಂತರ ವರ್ಷವೇನೂ ಹಿಡಿಯಲಿಲ್ಲ.

"ಆದ್ರೆ ಯಾರಾದ್ರೂ ಕೇಳಿದ್ರೆ ನಾನು ಪೂರ್ತಿ ಹೇಳ್ತೀನಿ," ಎಂದರು ಮೇಷ್ಟ್ರು ಅವಸರದಿಂದ. "ಸುಳ್ಳು ಹೇಳಲ್ಲ."

"ಹೇಳಿ, ಹೇಳಿ. ನೈಸ್ ಅಂದಮೇಲೆ ಮುಂದೆ ಯಾವನು ಕೇಳ್ತಾನೆ?" ದೊಡ್ಡಳಿಯ ಮೇಷ್ಟ್ರ ಬೆನ್ನು ತಟ್ಟಿದ ಹೊಡೆತಕ್ಕೆ ಮಸೂರ ಕೈಜಾರಿತು. "ಭಾನುವಾರ ಬನ್ನಿ. ಇದೇ ಶರ್ಟಲ್ಲಿ ಬನ್ನಿ. ಅತ್ತೆ, ನನ್ನ ಒಪ್ಪಿಗೆ ವಾಪಸ್ಸು ತಗೊಂಡಿದ್ದನ್ನ ವಾಪಸ್ಸು ತಗೊಂಡಿದ್ದೀನಿ."

ಕಟ್ಟೆಯನ್ನು ಕೂರಿಸಿದ ದಿನ ಯಜಮಾನಿ ಅಡುಗೆಮನೆಗೆ ಯಾರನ್ನೂ ಬಿಡಲಿಲ್ಲ. ಒಬ್ಬರೇ ನಿಂತು ಅಂಗೈ ಆಡಿಸಿದರು. ಒಂದು ನಿಂಬೆಹಣ್ಣು ತಂದು ನಟ್ಟನಡುವೆ ಇಟ್ಟರು. ಉರುಳುತ್ತದೇನೋ ಎಂದು ಕಾದರು. ಅದು ಇಟ್ಟಲ್ಲೇ ಕೂತಿತು, ಎಲ್ಲಿಗೆ ಹೋಗಬೇಕೆಂದು ಗೊತ್ತಿಲ್ಲದ ನೆಂಟನ ಹಾಗೆ.

ಆಗಲೇ ಕಿಟಕಿಯಾಚೆ, ಯಾರ್ಡಿನಿಂದ ಗಲಾಟೆ ಕೇಳಿಸಿತು. ಅದೇ ಕಲ್ಲಿನ ಉಳಿದ ಸ್ಲ್ಯಾಬುಗಳನ್ನು ಕ್ರೇನಕ್ಕ ಎತ್ತಿ ಹಿಡಿದಿದ್ದಳು, ಎಲ್ಲಿ ಇಳಿಸಬೇಕೆಂದು ತಿಳಿಯದೆ. ಕೆಳಗೆ ಷಡ್ಡಕರಿಬ್ಬರೂ ಎದುರುಬದುರು ನಿಂತಿದ್ದರು.

"ರೀ, ಹುಟ್ಟು ನಮ್ಮದು! ಎಡಗಡೇನೇ ಇರ್ಬೇಕು!"

"ಹುಟ್ಟಿದ್ರೇನ್ರೀ, ಈಗ ನಮ್ಮ ಜಾತಿ! ಮೇಷ್ಟ್ರನ್ನೇ ಕೇಳಿ ಬೇಕಾದ್ರೆ!"

"ಮೇಷ್ಟ್ರನ್ನ ಯಾಕೆ ಕೇಳಲಿ, ನಿಮ್ಮನ್ನೇ ಕೇಳ್ತೀನಿ, ಹೇಳ್ರೀ ನೀವು!"

ಯಜಮಾನಿ ಕಿವಿಗೊಟ್ಟು ಕೇಳಿದರು. ಎರಡು ಸಲ, ಮೂರು ಸಲ ಕೇಳಿದರು. ಅತ್ತೆ ಎಂಬ ಪದ ಎಲ್ಲೂ ಬರಲಿಲ್ಲ. ಅವರು ಕಿಟಕಿಯನ್ನು ಮೆಲ್ಲಗೆ, ಸದ್ದಾಗದ ಹಾಗೆ ಮುಚ್ಚಿದರು.

ಹೊಸ ಅಳಿಯ ಹಳೆಯ ಬಾಗಿಲನ್ನು ರೆಕ್ಸಿನ್ ಸಮೇತ ತಬ್ಬಿಕೊಂಡು ಹಜಾರದಲ್ಲಿ ನಿಂತಿದ್ದರು.

"ಅಮ್ಮ, ಇದನ್ನ ಎಲ್ಲಿಡ್ಲಿ?"

"ಅಮ್ಮ ಅಲ್ಲ, ಅತ್ತೆ. ಆ ಗೋಡೆಗೆ ಒರಗಿಸಿ," ಎಂದರು ಯಜಮಾನಿ. "ಸದ್ಯಕ್ಕೆ."